ಕಟ್ಟುಪಾಡಿನ ಮೇಲೆ ತೇಲುವ ಹಲಗೆ

ಯುರೋಪಿನ ಕ್ಯಾಂಪರ್‌ವ್ಯಾನ್ ಜಾಹೀರಾತುಗಳಲ್ಲಿ ಹೆಚ್ಚಾಗಿ ಕಾಣುವುದು ಒಂದೇ ಚಿತ್ರ: ಹಿಂಬಾಗಿಲು ತೆರೆದ ವ್ಯಾನು, ಎದುರಿಗೆ ನೀಲಿ ಸರೋವರ, ಸುತ್ತ ನರಪಿಳ್ಳೆಯೂ ಇಲ್ಲ. 1951ರಲ್ಲಿ ವೆಸ್ಟ್‌ಫಾಲಿಯಾ ಎಂಬ ಜರ್ಮನ್ ಸಂಸ್ಥೆ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಮಲಗುವ ವ್ಯವಸ್ಥೆ ಜೋಡಿಸತೊಡಗಿತು. ಅಂದಿನಿಂದಲೂ ಈ ಬಂಡಿಯ ಜೊತೆ ಬಿಕರಿಯಾಗುತ್ತ ಬಂದಿರುವುದು ಸ್ವಾತಂತ್ರ್ಯವೆಂಬ ಸರಕು. ಈಗ ಚಿತ್ರಕ್ಕೆ ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡೂ ಸೇರಿದೆ. ಗಾಳಿ ತೆಗೆದರೆ ಬೆನ್ನುಚೀಲದಲ್ಲಿ ಮಡಚಿ ಕೂರುತ್ತದೆ, ಪಂಪು ಹೊಡೆದರೆ ಒಳಗಿನ ಸಾವಿರಾರು ಎಳೆಗಳು ಬಿಗಿದು ಮರದ ಹಲಗೆಯಷ್ಟೇ ಗಟ್ಟಿಯಾಗುತ್ತದೆ. ದೋಣಿ ಕಟ್ಟಿಕೊಂಡು ಹೋಗಲಾಗದ ವ್ಯಾನಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗಲಾರದು. ಬೇಕಾದಲ್ಲಿ ನಿಲ್ಲಿ, ಬೇಕಾದಷ್ಟು ತೇಲಿ ಎನ್ನುತ್ತದೆ ಜಾಹೀರಾತು. ಆದರೆ ಆ ನೀರಿಗೆ ಹಲಗೆ ಇಳಿಸುವ ಆಸೆ ಹುಟ್ಟುವುದೇ ಜಾಹೀರಾತು ಮರೆಮಾಚುವ ಕಟ್ಟುಪಾಡುಗಳಿಂದ. ವ್ಯಾನಿನವರು ದೂರುವ ನಿಯಮಗಳು ಅವರ ರಜೆಗೆ ಅಡ್ಡಿಯಲ್ಲ, ಅಡಿಪಾಯ.

ಬೋಡನ್‌ಸೀ ಸರೋವರವನ್ನೇ ನೋಡಿ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಸುತ್ತುವರಿದ 536 ಚದರ ಕಿಲೋಮೀಟರಿನ ನೀರು, ದಡದುದ್ದಕ್ಕೂ ಕ್ಯಾಂಪ್‌ಸೈಟುಗಳು. (ಅದರ ದೊಡ್ಡ ಭಾಗವಾದ ಓಬರ್‌ಸೀಯಲ್ಲಿ ಗಡಿ ಎಲ್ಲಿ ಹಾಯುತ್ತದೆಂದು ಮೂರೂ ದೇಶಗಳು ಇವತ್ತಿಗೂ ಒಪ್ಪಂದ ಮಾಡಿಕೊಂಡಿಲ್ಲ, ಹಾಗೆಂದು ಜಗಳವೂ ಇಲ್ಲ.) ಕಳೆದ ಶತಮಾನದ ನಡುಭಾಗದಲ್ಲಿ ಊರುಗಳ ಕೊಳಚೆ, ಬಟ್ಟೆ ಸೋಪಿನ ಪುಡಿ, ಹೊಲದ ಗೊಬ್ಬರ ಎಲ್ಲವೂ ಇಲ್ಲಿಗೇ ಬಂದು ಬೀಳುತ್ತಿದ್ದವು. ನೀರಿನಲ್ಲಿ ರಂಜಕ ಏರಿತು. ಅದನ್ನು ಉಂಡು ಪಾಚಿ ಕೊಬ್ಬಿತು, ಸತ್ತ ಪಾಚಿ ತಳ ಸೇರಿ ಕೊಳೆಯುತ್ತ ಅಲ್ಲಿನ ಆಮ್ಲಜನಕವನ್ನು ನುಂಗತೊಡಗಿತು. 1970ರ ದಶಕದ ಕೊನೆಗೆ ಪ್ರತಿ ಘನ ಮೀಟರ್ ನೀರಿಗೆ 80 ಮಿಲಿಗ್ರಾಂಗೂ ಮಿಕ್ಕಿದ್ದ ರಂಜಕ ಈಗ 10ಕ್ಕಿಂತ ಕೆಳಗಿದೆ. 1959ರಲ್ಲಿ ಹುಟ್ಟಿದ ಜಂಟಿ ಜಲರಕ್ಷಣಾ ಆಯೋಗ, ದಡದ ಊರುಗಳು ಹಣ ಸುರಿದು ಕಟ್ಟಿದ ಶುದ್ಧೀಕರಣ ಘಟಕಗಳು, 1986ರಲ್ಲಿ ಸ್ವಿಟ್ಜರ್ಲೆಂಡ್ ಬಟ್ಟೆ ಸೋಪಿನ ರಂಜಕಯುಕ್ತ ಫಾಸ್ಫೇಟಿಗೆ ಹಾಕಿದ ನಿಷೇಧ, ಇವೆಲ್ಲ ಸೇರಿ ಆದದ್ದು ಇದು. ಇಂದು ಸುಮಾರು 40 ಲಕ್ಷ ಜರ್ಮನರು ಕುಡಿಯುವುದು ಈ ಸರೋವರದ 60 ಮೀಟರ್ ಆಳದಿಂದ ಎತ್ತಿದ ನೀರನ್ನು.

ಒಂದೇ ಒಂದು ವ್ಯಾನು ಕ್ಯಾಂಪ್‌ಸೈಟ್ ಬಿಟ್ಟು ದಡದಲ್ಲಿ ರಾತ್ರಿ ಕಳೆದರೆ ಏನು ಮಹಾ ನಷ್ಟ ಎಂಬ ಆಕ್ಷೇಪ ಸಹಜ. ಒಂದೇ ಆಗಿದ್ದರೆ ನಷ್ಟವಿಲ್ಲ, ನಿಜ. ಆದರೆ ವ್ಯಾನಿನ ಪಕ್ಕದ ಪುಟ್ಟ ಬಾಗಿಲೊಳಗೆ, ಸೀಟಿನ ಕೆಳಗೆ, ಸುಮಾರು 20 ಲೀಟರಿನ ಶೌಚದ ಡಬ್ಬಿಯೊಂದಿರುತ್ತದೆ. ಇಬ್ಬರಿದ್ದರೆ ಎರಡು ಮೂರು ದಿನಕ್ಕೆ ತುಂಬುತ್ತದೆ. ಬೆಳಿಗ್ಗೆ ಕ್ಯಾಂಪ್‌ಸೈಟಿನಲ್ಲಿ ಜನ ಅದನ್ನು ಸೂಟ್‌ಕೇಸಿನಂತೆ ಚಕ್ರದ ಮೇಲೆ ಎಳೆದುಕೊಂಡು ಹೋಗಿ ನಿಗದಿತ ತೊಟ್ಟಿಗೆ ಸುರಿದು ತೊಳೆಯುತ್ತಾರೆ. ಜಾಹೀರಾತಿನಲ್ಲಿ ಈ ಮೆರವಣಿಗೆ ಎಂದೂ ಕಾಣುವುದಿಲ್ಲ. ಪಾತ್ರೆ ತೊಳೆದ ನೀರಿಗೂ ಬೇರೆ ಮೋರಿ ಇರುತ್ತದೆ. ಬೇಸಿಗೆಯ ವಾರಾಂತ್ಯದಲ್ಲಿ ಇಂಥ ನೂರಾರು ವ್ಯಾನುಗಳು ಮೋರಿಯಿಲ್ಲದ ದಡಕ್ಕೆ ಬಂದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಜರ್ಮನಿಯ ನಿಯಮ ಇಲ್ಲಿ ವಿವೇಕದ್ದು: ದಣಿದ ಚಾಲಕ ಪಾರ್ಕಿಂಗ್ ಜಾಗದಲ್ಲಿ ವ್ಯಾನಿನೊಳಗೆ ಒಂದು ರಾತ್ರಿ ಮಲಗಬಹುದು, ಆದರೆ ಕುರ್ಚಿ ಮೇಜು ಹೊರಬಂದರೆ ಅದು ಬಿಡಾರವಾಗುತ್ತದೆ, ಬಿಡಾರಕ್ಕೆ ಅನುಮತಿಯಿಲ್ಲ. ಸ್ಲೊವೇನಿಯಾ, ಕ್ರೊಯೇಷಿಯಾಗಳು ಇನ್ನೂ ಕಟ್ಟುನಿಟ್ಟು. ಸ್ವೀಡನ್ ಎಲ್ಲೆಂದರಲ್ಲಿ ತಂಗಲು ಬಿಡುತ್ತದಲ್ಲ ಎಂದು ಕೇಳುವವರಿಗೆ ಉತ್ತರ ಸುಲಭ: ಆ ಹಕ್ಕು ಕಾಲ್ನಡಿಗೆಯವರದು, ರಸ್ತೆ ಬಿಟ್ಟು ವಾಹನ ಇಳಿಸುವ ಹಕ್ಕು ಅಲ್ಲೂ ಇಲ್ಲ.

ಹಲಗೆಗೆ ಎಂಜಿನ್ನಿಲ್ಲ, ಹೊಗೆಯಿಲ್ಲ, ಅದರಿಂದೇನು ತೊಂದರೆ ಎಂಬ ಮಾತು ಇನ್ನೂ ಮುಗ್ಧವಾಗಿ ಕೇಳಿಸುತ್ತದೆ. ತೊಂದರೆಯ ಮೂಲ ಆ ಹಗುರತನವೇ. ದೋಣಿ ನುಗ್ಗಲಾರದ ಜೊಂಡಿನೊಳಕ್ಕೆ ಹಲಗೆ ಸದ್ದಿಲ್ಲದೆ ಜಾರುತ್ತದೆ. ಅಲ್ಲಿ ಜುಟ್ಟಿನ ಗುಳುಮುಳುಕ ತೇಲುವ ಗೂಡು ಕಟ್ಟಿ ಮೊಟ್ಟೆಯಿಟ್ಟಿರುತ್ತದೆ. ಜೊಂಡಿನಿಂದ ದೂರವಿರಿ ಎಂಬ ನಿಯಮ ಅದಕ್ಕಾಗಿ. ಇನ್ನು ಗಾಳಿ. ನಿಂತವನ ಮೈಯೇ ಹಾಯಿಯಾಗುವುದರಿಂದ ದಡ ಬಿಟ್ಟು ದೂರ ಹೋದವರು ವಾಪಸು ಹುಟ್ಟು ಹಾಕಲಾಗದೆ ಸೋಲುತ್ತಾರೆ. ಬೋಡನ್‌ಸೀ ದಡದ ಕಿತ್ತಳೆ ದೀಪ ನಿಮಿಷಕ್ಕೆ 40 ಸಲ ಮಿನುಗಿದರೆ ಬಿರುಸು ಗಾಳಿಯ ಮುನ್ಸೂಚನೆ, 90 ಸಲ ಮಿನುಗಿದರೆ ಬಿರುಗಾಳಿಯದು. ಸ್ವಿಟ್ಜರ್ಲೆಂಡಿನಲ್ಲಿ ದಡದಿಂದ 300 ಮೀಟರ್ ದಾಟಿದರೆ ಹಲಗೆಯ ಮೇಲೆ ತೇಲುಜಾಕೆಟ್ ಇರಲೇಬೇಕು. ಕಣ್ಣಿಗೆ ಕಾಣದ ಅಪಾಯ ಮತ್ತೊಂದಿದೆ. ಕಪ್ಪುಸಮುದ್ರದ ಕಡೆಯ ಕ್ವಾಗಾ ಕಪ್ಪೆಚಿಪ್ಪು 2016ರಲ್ಲಿ ಬೋಡನ್‌ಸೀಯಲ್ಲಿ ಪತ್ತೆಯಾಯಿತು. ಕುಡಿಯುವ ನೀರಿನ ಕೊಳವೆಗಳಿಗೇ ಅಂಟಿ ಬೆಳೆಯುತ್ತಿದೆ. ಅದರ ಮರಿಗಳು ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗಲು ಒದ್ದೆ ವಸ್ತುವೊಂದು ಸಾಕು. ದಿನಕ್ಕೊಂದು ಸರೋವರ ನೋಡುವ ವ್ಯಾನಿನವರು ಹಲಗೆಯನ್ನು ತೊಳೆದು ಪೂರ್ತಿ ಒಣಗಿಸದೆ ಮಡಚಿಟ್ಟರೆ, ಚಿಪ್ಪಿಗೆ ಬಿಟ್ಟಿ ಸವಾರಿ ಕೊಟ್ಟಂತೆ.

ಗಂಭೀರ ಆಕ್ಷೇಪ ಬರುವುದು ಮೀನುಗಾರರಿಂದ. ರಂಜಕ ಇಳಿದಂತೆ ಮೀನಿನ ಮೇವೂ ಇಳಿಯಿತು, ಪ್ರವಾಸಿಗೆ ಹಿತವಾಗುವಷ್ಟು ಶುದ್ಧವಾದ ನೀರು ನಮ್ಮ ಹೊಟ್ಟೆಗೆ ಹೊಡೆಯಿತು ಎಂದು ಅವರಲ್ಲಿ ಹಲವರು ಹೇಳುತ್ತ ಬಂದಿದ್ದಾರೆ. ಅದು ಬರಿಯ ಗೊಣಗಲ್ಲ: ಸರೋವರದ ಹೆಸರಾಂತ ಫೆಲ್ಖನ್ ಮೀನು ಎಷ್ಟು ಕುಸಿಯಿತೆಂದರೆ 2024ರಿಂದ ಮೂರು ವರ್ಷ ಓಬರ್‌ಸೀಯಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಆದರೂ ಮತ್ತೆ ರಂಜಕ ಬಿಡಿ ಎಂಬ ವಾದವನ್ನು ನಾನು ಒಪ್ಪಲಾರೆ. ಮೇವಿಗೆ ಬಾಯಿ ಹಾಕುತ್ತಿರುವುದರಲ್ಲಿ ಕ್ವಾಗಾ ಚಿಪ್ಪೂ ಇದೆ. ನೀರಿಗೆ ಸುರಿದ ಮೇವಿನಲ್ಲಿ ದೊಡ್ಡ ಪಾಲು ಅದರ ಹೊಟ್ಟೆಗೇ ಹೋದೀತು. ಮೀನುಗಾರರು ಬಲೆ ಎತ್ತಿಟ್ಟಿರುವಾಗ, ಅದೇ ನೀರಿನಲ್ಲಿ ವಿನೋದಕ್ಕೆ ತೇಲುವವರಿಂದ ಹಲಗೆ ಒಣಗಿಸುವಷ್ಟು ಸಮಯವನ್ನು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.