ಕೆಮ್ಮಣ್ಣುಗುಂಡಿ: ಹೂದೋಟದ ಮಗ್ಗುಲಿನ ಗಣಿ

ವಿಜಯಪುರ ಜಿಲ್ಲೆಯ ತಾಂಬಾ, ಇಂಡಿ, ಸಿಂದಗಿ ಕಡೆಯ ಎರೆಹೊಲದಲ್ಲಿ ಬೆಳೆದವರಿಗೆ ಕಬ್ಬಿಣ ಎಂದರೆ ಕಂಬಾರಸಾಲಿ. ರಂಟಿಯ ಕುಡ ಮೊಂಡಾದರೂ, ಕುಂಟಿಯ ಕುಡ ಸವೆದರೂ, ಕುಡಗೋಲಿಗೆ ಹರಿತ ಬೇಕಾದರೂ ಅಲ್ಲಿಗೇ ಹೋಗಬೇಕು. ಹಿಂದೆ ಸುಗ್ಗಿಯಲ್ಲಿ ಕಂಬಾರನಿಗೆ ಆಯ ಅಳೆದು ಕೊಟ್ಟರೆ ವರ್ಷದ ಲೆಕ್ಕ ಚುಕ್ತಾ. ಆ ಕಬ್ಬಿಣ ಮೂಲತಃ ಎಲ್ಲಿಯದು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ನೆಲದಲ್ಲಿ ಅದು ಸಿಗುವುದೂ ಇಲ್ಲ. ಬಾವಿ ತೋಡಿದರೆ ಕರಿಮಣ್ಣು, ಅದರಡಿ ಗರಸು, ಅದರಡಿ ಕರಿಕಲ್ಲು, ಅಷ್ಟೇ.

ಊರಿನ ಹಿರಿಯ ಕಂಬಾರರೊಬ್ಬರನ್ನು ಕೇಳಿದ್ದೆ: 'ಕಾಕಾ, ಈ ಪಟ್ಟಿ ಎಲ್ಲೀದು?'

'ಹಳೆ ಲಾರೀದು ತಮ್ಮಾ, ಸ್ಪ್ರಿಂಗ್ ಪಟ್ಟಿ. ಹೊಸಾ ಕಬ್ಬಣಕ್ಕ ಇಷ್ಟು ಜೀವಾ ಇರಂಗಿಲ್ಲ.'

ಲಾರಿಯ ಹಿಂದೆ ಕಾರ್ಖಾನೆ ಇರುತ್ತದೆ, ಕಾರ್ಖಾನೆಯ ಹಿಂದೆ ಒಂದು ಗುಡ್ಡ ಇರಲೇಬೇಕು. ನಮ್ಮ ರಾಜ್ಯದಲ್ಲಿ ಅಂಥ ಗುಡ್ಡವನ್ನು ಆರಾಮಾಗಿ, ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ನೋಡಿ ಬರಬೇಕೆಂದರೆ ಕೆಮ್ಮಣ್ಣುಗುಂಡಿಗೆ ಹೋಗಬೇಕು. ಹೋದವರು ಗುಲಾಬಿ ನೋಡಿ ಬರುತ್ತಾರೆ ಎಂಬುದು ಬೇರೆ ಮಾತು.

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನಲ್ಲಿ, ಬಾಬಾಬುಡನ್ ಗಿರಿಸಾಲಿನ ಒಂದು ಭುಜದ ಮೇಲೆ, ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿ ಈ ಗಿರಿಧಾಮವಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಇಲ್ಲಿಗೆ ಬರುತ್ತಿದ್ದರು. ಅದಕ್ಕೇ ಇದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರೂ ಉಂಟು. 1940ರ ದಶಕದಲ್ಲಿ ತೋಟಗಾರಿಕೆ ಇಲಾಖೆಯ ಕೈಗೆ ಬಂದು, ದಶಕಗಟ್ಟಲೆ ಅವರ ಆರೈಕೆಯಲ್ಲಿ ಸರ್ಕಾರಿ ಉದ್ಯಾನವಾಗಿ ಬೆಳೆಯಿತು. ರಾಜಭವನದ ಸುತ್ತ ಹೂಮಡಿಗಳು, ಕಲ್ಲಿನ ತೋಟ, ಹಸಿರು ಹಾಸು. ಅಲ್ಲಿಂದ ಕಾಲುದಾರಿ ಹಿಡಿದರೆ ದಾರಿಯಲ್ಲಿ ಶಾಂತಿ ಜಲಪಾತ, ಕೊನೆಗೆ ಬೆಟ್ಟದ ಅಂಚಿನ ಝೆಡ್ ಪಾಯಿಂಟ್. ಮಂಜು ಸರಿದರೆ ಕೆಳಗಿನ ಕಣಿವೆ ಕಾಣುತ್ತದೆ. ಸರಿಯದಿದ್ದರೆ ನಿಮ್ಮ ಕೈಯೇ ನಿಮಗೆ ಕಾಣದು.

ಇದೇ ಬೆಟ್ಟ ಭದ್ರಾವತಿಯ ಕುಲುಮೆಗಳಿಗೆ ಹಲವು ದಶಕ ಅದಿರು ಕೊಟ್ಟಿದೆ. ಊರಿನ ಹೆಸರು ಅದನ್ನು ಬಚ್ಚಿಟ್ಟಿಲ್ಲ. ಒಂದು ಮಗ್ಗುಲಲ್ಲಿ ಅರಸರ ಬೇಸಿಗೆ ಮನೆ, ಇನ್ನೊಂದು ಮಗ್ಗುಲಲ್ಲಿ ಹಾರೆ, ಸಿಡಿಮದ್ದು, ಅದಿರಿನ ತೊಟ್ಟಿಗಳು. ಎರಡೂ ಒಂದೇ ಕಾಲದಲ್ಲಿ, ಒಂದೇ ಗುಡ್ಡದ ಮೇಲೆ ನಡೆದವು.

ಕಾಲುದಾರಿಯ ಬದಿಯಲ್ಲಿ ಮಳೆನೀರು ಕೊರೆದ ಕಡೆ ಬಗ್ಗಿ ನೋಡಿದರೆ ಪಟ್ಟೆ ಪಟ್ಟೆಯ ಕಲ್ಲು ಕಾಣುತ್ತದೆ. ಒಂದು ಪಟ್ಟೆ ಬೂದುಗಪ್ಪು, ಅದರ ಮೇಲೊಂದು ಬಿಳಿಚಲು ಕೆಂಪು, ಮತ್ತೆ ಬೂದುಗಪ್ಪು. ಅಂಗೈಯಲ್ಲಿ ಇಟ್ಟುಕೊಂಡರೆ ಅಳತೆಗೆ ಮೀರಿದ ಭಾರ. ಕಪ್ಪು ಪಟ್ಟೆ ಹೆಮಟೈಟ್, ಅಂದರೆ ಕಬ್ಬಿಣವೂ ಆಮ್ಲಜನಕವೂ ಕೂಡಿದ್ದು, ಉಳಿದದ್ದು ಬೆಣಚುಕಲ್ಲು. ಇದನ್ನು ಗುರುತಿಸಲು ಪ್ರಯೋಗಾಲಯ ಬೇಕಿಲ್ಲ. ಚಹಾದ ಪಿಂಗಾಣಿ ಕಪ್ಪನ್ನು ಬೋರಲು ಹಾಕಿದರೆ ತಳದಲ್ಲಿ ಹೊಳಪಿಲ್ಲದ ಒರಟು ಅಂಚು ಇರುತ್ತದಲ್ಲ, ಅದಕ್ಕೆ ಕಲ್ಲನ್ನು ತಿಕ್ಕಬೇಕು. ಕಲ್ಲು ಕಪ್ಪಗಿದ್ದರೂ ಪಿಂಗಾಣಿಯ ಮೇಲೆ ಮೂಡುವ ಗೆರೆ ಮಾತ್ರ ಕಡುಗೆಂಪು. ಮಕ್ಕಳಿಗೆ ಇದನ್ನು ತೋರಿಸಿದರೆ ಝೆಡ್ ಪಾಯಿಂಟಿಗಿಂತ ಹೆಚ್ಚು ಹೊತ್ತು ಇಲ್ಲೇ ನಿಲ್ಲುತ್ತಾರೆ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಈ ಪಟ್ಟೆಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಕ್ಕೂ ಮೇಲೆ. ನಮ್ಮ ಎರೆಹೊಲದ ಅಡಿಯ ಕರಿಕಲ್ಲಿಗೆ ಆರೂವರೆ ಕೋಟಿಯ ಆಸುಪಾಸು. ಇದರ ಮುಂದೆ ಅದಿನ್ನೂ ಕೂಸು.

ಈ ಸೀಮೆಯಲ್ಲಿ ಕಬ್ಬಿಣದ ಕೆಲಸ ಕಾರ್ಖಾನೆಯೊಂದಿಗೆ ಶುರುವಾದದ್ದಲ್ಲ. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿದಾಗ ಸಿಕ್ಕ ಕಬ್ಬಿಣದ ವಸ್ತುಗಳ ಕಾಲ ಸುಮಾರು ಕ್ರಿ.ಪೂ. 1000 ಎಂದು ಲೆಕ್ಕ ಹಾಕಲಾಯಿತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಕಡೆ ಹಳ್ಳಿಗರು ಕಬ್ಬಿಣ ಕರಗಿಸುವುದನ್ನು ಕೂತು ನೋಡಿ ಬರೆದುಕೊಂಡಿದ್ದಾನೆ. ಹಳ್ಳದಲ್ಲಿ ಮಳೆಗಾಲಕ್ಕೆ ಬಂದು ಬೀಳುವ ಕರಿಮರಳನ್ನು ತೊಳೆದು, ಮಣ್ಣಿನ ಕುಲುಮೆಯಲ್ಲಿ ಇದ್ದಿಲಿನ ಜೊತೆ ಸುರಿದು, ಚರ್ಮದ ತಿದಿಯಿಂದ ಊದುತ್ತಿದ್ದರು. ಅಲ್ಲಿ ಕಬ್ಬಿಣ ನೀರಾಗಿ ಹರಿಯುವುದಿಲ್ಲ. ಕಿಟ್ಟ ತುಂಬಿದ ಒಂದು ಉಂಡೆ ಸಿಗುತ್ತದೆ. ಅದನ್ನು ಬಡಿಬಡಿದು ಕಿಟ್ಟ ಹೊರಹಾಕಬೇಕು. ಉಕ್ಕು ಬೇಕಾದರೆ ಆ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿ ಹಾಕಿ, ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ತಂಗಡಿ ನಮ್ಮ ಕಡೆ ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಂತಿರುವ ಅದೇ ಗಿಡ. ಅದರ ಕಡ್ಡಿಯಲ್ಲಿನ ಇಂಗಾಲ ಕಬ್ಬಿಣದೊಳಗೆ ಇಳಿದಾಗ ಅದು ಉಕ್ಕಾಗುತ್ತದೆ.

ವಿಜಯಪುರದವರು ಈ ಕಸಬಿನ ಗಾತ್ರ ತಿಳಿಯಲು ದೂರ ಹೋಗಬೇಕಿಲ್ಲ. ಎಲ್ಲರೂ ಮಲಿಕ್-ಎ-ಮೈದಾನದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅದು 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಕಂಚಿನ ತೋಪು. ಉಪ್ಲಿ ಬುರುಜನ್ನು ಹತ್ತಿ ನೋಡಿ. ಮೇಲಿರುವ ಒಂಬತ್ತು ಮೀಟರ್ ಮೀರಿದ ಉದ್ದನೆಯ ತೋಪು ಎರಕದ್ದಲ್ಲ, ಬಡಿದು ಮಾಡಿದ್ದು. ಕಬ್ಬಿಣದ ಉದ್ದುದ್ದ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲೆ ಕಾದ ಬಳೆಗಳನ್ನು ಏರಿಸಿ ಬೆಸೆದಿದ್ದಾರೆ. ಗಾಡಿಯ ಗಾಲಿಗೆ ಹಳಿ ಕಾಯಿಸಿ ಏರಿಸುವವರ ಕೈಗೆ ಗೊತ್ತಿರುವ ವಿದ್ಯೆಯೇ ಇದು. ಕಾದಾಗ ಹಿಗ್ಗುತ್ತದೆ, ಆರಿದಾಗ ಕಚ್ಚುತ್ತದೆ.

ಮತ್ತೆ ಬೆಟ್ಟಕ್ಕೆ ಬರೋಣ. ಹಳ್ಳಿಯ ಕುಲುಮೆಗಳನ್ನು ವಿಲಾಯತಿ ಕಬ್ಬಿಣ ನಂದಿಸಿತ್ತು. ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. 1894ರಲ್ಲಿ ಹುಟ್ಟಿದ ಸಂಸ್ಥಾನದ ಭೂವಿಜ್ಞಾನ ಇಲಾಖೆ ಬಾಬಾಬುಡನ್ ಅದಿರಿನ ಲೆಕ್ಕ ಹಾಕಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಕಾರ್ಖಾನೆಯ ಹಟ ಹಿಡಿದರು. ಕಲ್ಲಿದ್ದಲಿಗೆ ಬದಲು ಮಲೆನಾಡಿನ ಕಾಡಿತ್ತು. ಅಮೆರಿಕದ ತಜ್ಞ ಚಾರ್ಲ್ಸ್ ಪೇಜ್ ಪೆರಿನ್ ಸಲಹೆಯ ಮೇಲೆ, ಭದ್ರಾ ನದಿಯ ದಡದ ಬೆಂಕಿಪುರದಲ್ಲಿ ಕಟ್ಟಡ ಎದ್ದಿತು. 1923ರ ಜನವರಿ 18ರಂದು ಕುಲುಮೆ ಹೊತ್ತಿತು. ಬೆಂಕಿಪುರ ಎಂಬುದು ಕಾರ್ಖಾನೆ ಬಂದದ್ದಕ್ಕೆ ಇಟ್ಟ ಹೆಸರೆಂದು ತಿಳಿದವರಿದ್ದಾರೆ. ಅಲ್ಲ, ಅದು ಊರಿನ ಹಳೆಯ ಹೆಸರು; ಭದ್ರಾವತಿ ಎಂಬುದೇ ಹೊಸತು.

ಕೆಮ್ಮಣ್ಣುಗುಂಡಿಯಲ್ಲಿ ಅಗೆದ ಅದಿರು ರೋಪ್‌ವೇಯ ತೊಟ್ಟಿಗಳಲ್ಲಿ ಕಾಡಿನ ತಲೆಯ ಮೇಲಿಂದ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಕಿರುಹಳಿಯ ಟ್ರಾಮ್ ಗಾಡಿಯಲ್ಲಿ ಭದ್ರಾವತಿಗೆ. ಇನ್ನೊಂದು ದಿಕ್ಕಿನ ಭಂಡಿಗುಡ್ಡದಿಂದ ಸುಣ್ಣದ ಕಲ್ಲು. ನಾಲ್ಕೂ ಕಡೆಯ ಕಾಡಿನಿಂದ ಸೌದೆ. ಆ ಸೌದೆಯನ್ನು ಬಯಲಲ್ಲಿ ಗೂಡು ಹಾಕಿ ಸುಡುತ್ತಿರಲಿಲ್ಲ. ಗಾಳಿಯಾಡದ ಉಕ್ಕಿನ ಕೋಣೆಗಳಲ್ಲಿ ಬೇಯಿಸಿ, ಏಳುವ ಹೊಗೆಯನ್ನೂ ಹಿಡಿದು ತಣಿಸುತ್ತಿದ್ದರು. ಇದ್ದಿಲಿನ ಜೊತೆಗೆ ಮೀಥೈಲ್ ಆಲ್ಕೋಹಾಲ್, ಸುಣ್ಣದ ಅಸಿಟೇಟ್, ಟಾರ್ ಸಿಗುತ್ತಿದ್ದವು. ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರದ ಬಟ್ಟಿ ಇಳಿಸುವ ಮಾತೇ ಬರುತ್ತದೆ.

ಊದುಕುಲುಮೆಯಲ್ಲಿ ಇದ್ದಿಲಿಗೆ ಎರಡು ಕೆಲಸ. ಒಂದು, ಕಾವು ಕೊಡುವುದು. ಇನ್ನೊಂದು, ಅದಿರಿಗೆ ಅಂಟಿಕೊಂಡ ಆಮ್ಲಜನಕವನ್ನು ಕಿತ್ತುಕೊಂಡು ಅನಿಲವಾಗಿ ಮೇಲೆ ಹೋಗುವುದು. ಸುಣ್ಣದ ಕಲ್ಲು ಬೆಣಚಿನಂಥ ಬೇಡದ ವಸ್ತುವನ್ನು ಕರಗಿಸಿ ಕಿಟ್ಟವಾಗಿಸುತ್ತದೆ. ಕಿಟ್ಟ ಹಗುರ, ಮೇಲೆ ತೇಲುತ್ತದೆ. ಕಬ್ಬಿಣ ಭಾರ, ತಳದಲ್ಲಿ ನಿಲ್ಲುತ್ತದೆ. ಕೆಳಗಿನ ತೂತು ತೆರೆದರೆ ಬೀಡುಕಬ್ಬಿಣ ಹರಿಯುತ್ತದೆ. ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ, ಅದು ಕಬ್ಬಿಣವನ್ನು ಕೆಡಿಸುತ್ತದೆ. ಇದ್ದಿಲಿನಲ್ಲಿ ಆ ಕಾಟವಿಲ್ಲ, ಕಬ್ಬಿಣ ಶುದ್ಧ. ಆದರೆ ಖರ್ಚು ಹೆಚ್ಚು.

ಖರ್ಚೇ ಮೊದಮೊದಲು ಕುತ್ತಿಗೆಗೆ ಬಂತು. ಮೊದಲ ಮಹಾಯುದ್ಧ ಮುಗಿದ ಮೇಲೆ ಬೀಡುಕಬ್ಬಿಣದ ಬೆಲೆ ಕುಸಿಯಿತು, ಕಾರ್ಖಾನೆ ನಷ್ಟಕ್ಕೆ ಬಿತ್ತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆತಂದರು. 1929ರವರೆಗೆ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು ಅದನ್ನು ನೆಟ್ಟಗೆ ನಿಲ್ಲಿಸಿದರು. ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಕಸಬು ಕಲಿಸುವ ಶಾಲೆಗೆ ಕೊಡಿ ಎಂದರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹಾಗೆ ಹುಟ್ಟಿದ್ದು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕುಲುಮೆಗೆ ಹೋದ ಕಾಡಿನ ಲೆಕ್ಕವನ್ನು ಅಷ್ಟೇ ಹುರುಪಿನಿಂದ ಹೇಳುವವರು ಕಡಿಮೆ. ಕಾರ್ಖಾನೆಯ ಹಿರಿಮೆಯನ್ನು ಒಪ್ಪಿಕೊಂಡೇ ಈ ಮಾತನ್ನೂ ಆಡಬಹುದು ಎಂದು ನನಗನ್ನಿಸುತ್ತದೆ.

ಕಾಡು ತಿಂದ ಕುಲುಮೆ ಇದೊಂದೇ ಅಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಫಯೆಟ್ ಎಂಬ ಊರಿತ್ತು. ಜಾಕ್ಸನ್ ಐರನ್ ಕಂಪನಿ 1867ರಲ್ಲಿ ಸರೋವರದ ದಡದಲ್ಲಿ ಕಟ್ಟಿದ ಊರು. ಎರಡು ಊದುಕುಲುಮೆ, ಕೆಲಸಗಾರರ ಮನೆ, ಹೋಟೆಲು, ಅಂಗಡಿ. ಅಲ್ಲಿಯೂ ಇದ್ದಿಲೇ. ಹತ್ತಿರದ ಗಟ್ಟಿಮರ ಮುಗಿಯುತ್ತ ಬಂತು, ಕಲ್ಲಿದ್ದಲಿನ ಕೋಕ್ ಅಗ್ಗವಾಯಿತು, 1891ರಲ್ಲಿ ಕುಲುಮೆ ಆರಿತು. ಅದು ಆರಿದ 32 ವರ್ಷಕ್ಕೆ ನಮ್ಮ ಭದ್ರಾವತಿ ಇದ್ದಿಲಿನಿಂದಲೇ ಆರಂಭಿಸಿತು! ಫಯೆಟ್ 1959ರಲ್ಲಿ ರಾಜ್ಯ ಉದ್ಯಾನವಾಯಿತು. ಈಗ ಹೋದವರು ಕುಲುಮೆಯ ಕಲ್ಲಿನ ಗೋಪುರದೊಳಗೆ ಇಣುಕಬಹುದು, ದಡದಲ್ಲಿ ಕಿಟ್ಟದ ಚೂರು ನೋಡಬಹುದು. ಅಲ್ಲಿ ಉದ್ಯಾನವೆಂದರೆ ಕುಲುಮೆಯೇ. ನಮ್ಮಲ್ಲಿ ಉದ್ಯಾನ ಬೆಟ್ಟದ ಮೇಲೆ, ಕುಲುಮೆ ಬಯಲಲ್ಲಿ. ಬೆಟ್ಟ ಹತ್ತಿದವರು ಬಯಲಿನ ಊರನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡುತ್ತಾರೆ.

ಭದ್ರಾವತಿ ಇದ್ದಿಲಿಗೇ ಅಂಟಿಕೊಂಡು ಕೂಡಲಿಲ್ಲ. 1936ರಿಂದ ಉಕ್ಕು ಬಂತು, ಆಮೇಲೆ ಸಿಮೆಂಟು, 1950ರ ದಶಕದಲ್ಲಿ ವಿದ್ಯುತ್ ಕುಲುಮೆ, ಮುಂದೆ ವಾಹನ, ಯಂತ್ರಗಳಿಗೆ ಬೇಕಾದ ವಿಶೇಷ ಉಕ್ಕು. 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬಂತು, 1989ರಲ್ಲಿ ಕೇಂದ್ರ ಸರ್ಕಾರದ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಯಿತು, 1998ರಲ್ಲಿ ಅದರೊಳಗೇ ಸೇರಿತು. ಈ ನಡುವೆ ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ರೋಪ್‌ವೇ ಇಳಿಯುತ್ತಿದ್ದ ತಣಿಗೆಬೈಲು ಈಗ ಭದ್ರಾ ಹುಲಿ ಮೀಸಲು ಪ್ರದೇಶದಲ್ಲಿದೆ. ಕಾಡು ತನ್ನ ಜಾಗಕ್ಕೆ ಮರಳಿತು, ಅದು ಸರಿಯೇ. ಕಾರ್ಖಾನೆಗೆ ಮಾತ್ರ ಸ್ವಂತ ಅದಿರಿಲ್ಲದೆ ಹೋಯಿತು, ಮುಂದಿನ ಚರ್ಚೆಗಳಲ್ಲೆಲ್ಲ ಈ ಕೊರತೆ ಮೊದಲ ಸಾಲಿನಲ್ಲೇ ಇರುತ್ತದೆ. ನೂರು ತುಂಬಿದ 2023ರ ಜನವರಿಯಲ್ಲೇ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು, ಆ ವರ್ಷದೊಳಗೇ ಕೆಲವು ಘಟಕಗಳು ಮತ್ತೆ ತಿರುಗಿದವು.

ಹೋಗುವವರಿಗೆ ನನ್ನ ಶಿಫಾರಸು ಇಷ್ಟು: ಬೆಟ್ಟ ಮತ್ತು ಬಯಲು ಎರಡನ್ನೂ ಒಂದೇ ಪ್ರವಾಸದಲ್ಲಿ ಇಟ್ಟುಕೊಳ್ಳಿ. ವಿಜಯಪುರದಿಂದ ರೈಲು ಹಿಡಿದು ಹುಬ್ಬಳ್ಳಿ, ದಾವಣಗೆರೆ ದಾಟಿ ಬೀರೂರು ಜಂಕ್ಷನ್ ತಲುಪಿದರೆ ಶಿವಮೊಗ್ಗ ದಾರಿಯಲ್ಲಿ ಮೊದಲು ತರೀಕೆರೆ, ಆಮೇಲೆ ಭದ್ರಾವತಿ. ತರೀಕೆರೆಯಿಂದ ಬೆಟ್ಟದ ರಸ್ತೆ ಲಿಂಗದಹಳ್ಳಿಯ ಮೇಲೆ ಹೋಗುತ್ತದೆ. ದಾರಿಯಲ್ಲಿ ಕಲ್ಲತ್ತಿಗಿರಿಯಲ್ಲಿ ಇಳಿಯಲೇಬೇಕು. ಬಂಡೆಗೆ ಆತುಕೊಂಡ ವೀರಭದ್ರನ ಗುಡಿ, ಕಲ್ಲಾನೆಗಳ ಮೇಲೆ ಧುಮ್ಮಿಕ್ಕುವ ನೀರು. ಮೇಲೆ ಹೋದ ಮೇಲೆ 168 ಮೀಟರಿನ ಹೆಬ್ಬೆ ಜಲಪಾತಕ್ಕೆ ಜೀಪೇ ಗತಿ, ಅದೂ ಅರಣ್ಯ ಇಲಾಖೆ ಬಿಟ್ಟಾಗ. ಮಳೆಗಾಲದಲ್ಲಿ ಇಂಬಳ ಕಾಟ, ಉಪ್ಪು ಜೇಬಿನಲ್ಲಿರಲಿ. ನವೆಂಬರಿನಿಂದ ಫೆಬ್ರುವರಿಯವರೆಗೆ ಆಕಾಶ ತಿಳಿಯಾಗಿರುತ್ತದೆ, ನಮ್ಮ ಕಡೆಯವರಿಗೆ ಹಿಂಗಾರಿ ಎಡೆ ಹೊಡೆದು ಮುಗಿಸಿ, ಜೋಳ ಕಾಳುಗಟ್ಟುವ ಬಿಡುವಿನ ಹೊತ್ತೂ ಅದೇ.