ಗಿಣ್ಣದ ಮೊದಲ ಪಾಲು ಕರುವಿಗೆ: ಕರುಳಿನ ಬಾಗಿಲು ತೆರೆದಿರೋದು ಒಂದೇ ದಿನ

ಹಸು ಕರು ಹಾಕಿತು ಅಂದ ಕೂಡಲೇ ಅಕ್ಕಪಕ್ಕದವರು ಕೇಳೋ ಮೊದಲ ಪ್ರಶ್ನೆ, "ಹೋರಿಯೋ, ಹೆಣ್ಣೋ?" ಎರಡನೆಯದು, "ಗಿಣ್ಣ ಯಾವಾಗ ಕೊಡ್ತೀರಿ?" ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣ ಯಾರಿಗೆ ಬೇಡ? ಆದರೆ ಈ ಹಾಲು ಬಿಸಿ ತಾಗಿದ ಕೂಡಲೇ ಗಟ್ಟಿ ಕಟ್ಟೋದು ಯಾಕೆ? ಅದರಲ್ಲಿ ಮಾಮೂಲಿ ಹಾಲಿಗಿಂತ ಹಲವು ಪಟ್ಟು ಪ್ರೋಟೀನ್ ಇರುತ್ತದೆ. ಅದರಲ್ಲಿ ದೊಡ್ಡ ಪಾಲು ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್‌ಗಳು. ಬೆಂದ ಮೇಲೆ ಅವು ಕೆಲಸಕ್ಕೆ ಬರೋಲ್ಲ. ಹಸಿಯಾಗಿ ಕರುವಿನ ಹೊಟ್ಟೆ ಸೇರಿದರೆ ಮಾತ್ರ ಜೀವ ಉಳಿಸುತ್ತವೆ.

ಬರಿಗೈಯಲ್ಲಿ ಹುಟ್ಟುವ ಕರು

ಮನುಷ್ಯರ ಮಗುವಿಗೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ಮಾಸಿನ ಮೂಲಕ ಪ್ರತಿಕಾಯಗಳು ಸಿಗುತ್ತವೆ. ಹಸುವಿನ ಮಾಸಿನ ರಚನೆ ಬೇರೆ; ಅದು ಪ್ರತಿಕಾಯಗಳನ್ನು ದಾಟಿಸೋದಿಲ್ಲ. ಹಾಗಾಗಿ ಹುಟ್ಟಿದ ಕ್ಷಣದಲ್ಲಿ ಕರುವಿನ ರಕ್ತದಲ್ಲಿ ಪ್ರತಿಕಾಯಗಳು ಇಲ್ಲವೇ ಇಲ್ಲ ಅನ್ನಬಹುದು. ಎಮ್ಮೆ, ಮೇಕೆ, ಕುರಿ ಮರಿಗಳದ್ದೂ ಇದೇ ಕಥೆ. ಅಂಥ ಜೀವ ಬಂದು ಬೀಳೋದು ಎಲ್ಲಿಗೆ? ಸಗಣಿ, ಗಂಜಲ ಇರುವ ಕೊಟ್ಟಿಗೆ ನೆಲಕ್ಕೆ.

ಇದಕ್ಕೆ ಪ್ರಕೃತಿ ಒಂದು ದಾರಿ ಇಟ್ಟಿದೆ. ಹೊಸದಾಗಿ ಹುಟ್ಟಿದ ಕರುವಿನ ಸಣ್ಣ ಕರುಳು ಪ್ರತಿಕಾಯಗಳನ್ನು ಇಡಿಯಾಗಿಯೇ ಹೀರಿ ರಕ್ತಕ್ಕೆ ಬಿಡುತ್ತದೆ. ಮೊದಲ ಗಂಟೆಗಳಲ್ಲಿ ಈ ಬಾಗಿಲು ಪೂರ್ತಿ ತೆರೆದಿರುತ್ತದೆ. ಆರು ಗಂಟೆ ದಾಟಿದರೆ ಹೀರುವ ಶಕ್ತಿ ಬೇಗ ಇಳಿಯುತ್ತಾ ಹೋಗುತ್ತದೆ. ಸುಮಾರು 24 ಗಂಟೆಗೆ ಬಾಗಿಲು ಮುಚ್ಚಿಯೇ ಬಿಡುತ್ತದೆ. ಆಮೇಲೆ ಬಕೆಟ್‌ಗಟ್ಟಲೆ ಗಿಣ್ಣದ ಹಾಲು ಕುಡಿಸಿದರೂ ಪ್ರತಿಕಾಯ ರಕ್ತ ಸೇರೋಲ್ಲ.

"ಕಸ ಬೀಳೋ ತನಕ ಕರು ಬಿಡಬಾರದು" ಅಂತ ಇನ್ನೂ ಕೆಲವು ಕಡೆ ಹಿರಿಯರು ಹೇಳುತ್ತಾರೆ. ಕಸ ಬೀಳೋಕೆ ಎಂಟು-ಹತ್ತು ಗಂಟೆ ಹಿಡಿಯಬಹುದು. ಅಷ್ಟರಲ್ಲಿ ಅರ್ಧ ಬಾಗಿಲು ಮುಚ್ಚಿರುತ್ತದೆ. ಮನೆಯ ಅಜ್ಜಿಗೆ ಇದನ್ನು ಜಗಳ ಮಾಡದೆ ಹೇಳೋ ದಾರಿ ಇದೆ: ಕರು ಕೆಚ್ಚಲು ಚೀಪಿದರೆ ಗರ್ಭಕೋಶ ಸಂಕುಚಿತಗೊಳ್ಳುತ್ತದೆ, ಕಸ ಬೀಳೋಕೂ ಅದು ಸಹಾಯವೇ.

ಬಾಗಿಲು ಮುಚ್ಚಿದ ಮೇಲೆ ಕಾವಲು ಯಾರದು?

ಕರುಳಿನ ಒಳಗೋಡೆಯ ಮೇಲ್ಪದರ ಒಂದೇ ಒಂದು ಸಾಲು ಜೀವಕೋಶಗಳದ್ದು. ಇತ್ತ ಮೇವು, ನೀರು, ಕೋಟ್ಯಂತರ ಸೂಕ್ಷ್ಮಜೀವಿಗಳು, ಅತ್ತ ರಕ್ತ. ಇಷ್ಟು ತೆಳು ಗೋಡೆಯನ್ನು ಕಾಯೋಕೆ ದೇಹದ ರೋಗನಿರೋಧಕ ಕೋಶಗಳ ದೊಡ್ಡ ಪಡೆಯೇ ಕರುಳಿನಲ್ಲಿ ಬೀಡುಬಿಟ್ಟಿದೆ.

ಮೊದಲನೆಯದು ಲೋಳೆ. ರೋಗಾಣು ಗೋಡೆ ಮುಟ್ಟದಂತೆ ತಡೆದು, ಸಗಣಿ ಜೊತೆ ಹೊರಗೆ ಸಾಗಿಸುತ್ತದೆ. ಎರಡನೆಯದು ಲೋಳೆಯಲ್ಲಿ ಬೆರೆತ ಪ್ರತಿಕಾಯಗಳು. ಇವುಗಳಲ್ಲಿ ಐಜಿಎ ಅನ್ನೋದು ಮುಖ್ಯ. ಅದು ರೋಗಾಣುವನ್ನು ಕೊಲ್ಲೋಕೆ ಹೋಗೋದಿಲ್ಲ. ಸುತ್ತುವರಿದು, ಗುಂಪುಕಟ್ಟಿ, ಗೋಡೆಗೆ ಅಂಟದಂತೆ ಮಾಡುತ್ತದೆ. ಯುದ್ಧ ಇಲ್ಲ, ಊತ ಇಲ್ಲ, ಗೋಡೆಗೂ ಪೆಟ್ಟಿಲ್ಲ. ಮೂರನೆಯದು ಗೋಡೆಯೊಳಗಿನ ಪೇಯರ್ ಪ್ಯಾಚ್ ಎಂಬ ಗಂಟುಗಳು. ಸ್ವಿಸ್ ವೈದ್ಯ ಯೋಹಾನ್ ಪೇಯರ್ 1677ರಲ್ಲೇ ಇವುಗಳನ್ನು ವಿವರಿಸಿದ್ದ. ಕರುಳಿನಲ್ಲಿ ಹಾದುಹೋಗುವ ಸೂಕ್ಷ್ಮಜೀವಿಗಳ ಮಾದರಿ ಎತ್ತಿಕೊಂಡು, ಯಾರು ನೆಂಟ, ಯಾರು ಕಳ್ಳ ಅಂತ ಪಡೆಗೆ ಕಲಿಸೋ ಶಾಲೆ ಇದು. ಪೋಲಿಯೊ ಲಸಿಕೆಯನ್ನು ಬಾಯಿಗೆ ಹನಿ ಹಾಕಿದ್ದೂ ಇದೇ ಲೆಕ್ಕದಲ್ಲಿ. ವೈರಸ್ ಬೆಳೆಯೋ ಜಾಗವಾದ ಕರುಳಿಗೇ ಪಾಠ ಆಗುತ್ತದೆ. ಭಾರತ 2014ರಲ್ಲಿ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಪಡೆದದ್ದರ ಹಿಂದೆ ಆ ಎರಡು ಹನಿಗಳಿವೆ.

ಆದರೆ ಕರುವಿನ ಶಾಲೆ ಈಗಷ್ಟೇ ಶುರುವಾಗಿರುತ್ತದೆ. ಸ್ವಂತ ಪ್ರತಿಕಾಯ ಸಾಕಷ್ಟು ತಯಾರಾಗೋಕೆ ವಾರಗಳು ಬೇಕು. ಅಲ್ಲಿಯತನಕ ನಡೆಸೋದು ತಾಯಿ ಕೊಟ್ಟ ಸಾಲದಲ್ಲೇ. ಎರಡನೇ, ಮೂರನೇ ದಿನದ ಹಾಲಿನ ಪ್ರತಿಕಾಯಗಳು ರಕ್ತ ಸೇರದಿದ್ದರೂ ಕರುಳಿನೊಳಗೇ ನಿಂತು ಕಾವಲು ಮಾಡುತ್ತವೆ. ಆದ್ದರಿಂದ ಮೊದಲ ಮೂರ್ನಾಲ್ಕು ದಿನ ಕರುವಿಗೆ ಅದರ ತಾಯಿಯ ಹಾಲನ್ನೇ ಕೊಡಿ. ಕರು ಕುಡಿದು ಮಿಕ್ಕಿದ್ದರಲ್ಲಿ ಗಿಣ್ಣ ಧಾರಾಳವಾಗಿ ಮಾಡಿ.

ಭೇದಿ ಆದಾಗ

ಮೊದಲ ಕೆಲವು ದಿನಗಳಲ್ಲಿ ಕಾಡೋ ಇ-ಕೋಲೈ ಜಾತಿಯೊಂದು ಕರುಳಿನ ಗೋಡೆಗೆ ಅಂಟಿ ವಿಷ ಬಿಡುತ್ತದೆ. ಆಗ ಕರುಳು ದೇಹದ ನೀರನ್ನೇ ಹೊರಗೆ ಸುರಿಯುತ್ತದೆ. ಕರು ಸಾಯೋದು ಹೆಚ್ಚಾಗಿ ನೀರು, ಲವಣ ಕಳೆದುಕೊಂಡು. ಹಾಗಾಗಿ ಮೊದಲ ಔಷಧಿ ಓಆರ್‌ಎಸ್. ಹಾಲು ನಿಲ್ಲಿಸಬೇಡಿ, ಹಾಲಿಗೆ ಬೆರೆಸದೆ, ಎರಡು ಹಾಲಿನ ನಡುವೆ ಪ್ರತ್ಯೇಕವಾಗಿ ಕುಡಿಸಿ. ಕಣ್ಣು ಗುಳಿ ಬಿದ್ದಿದ್ದರೆ, ಕತ್ತಿನ ಚರ್ಮ ಚಿವುಟಿ ಬಿಟ್ಟಾಗ ತಕ್ಷಣ ಹಿಂದಕ್ಕೆ ಹೋಗದಿದ್ದರೆ, ಬಾಯಿ ತಣ್ಣಗಿದ್ದರೆ, ಚೀಪೋದು ನಿಲ್ಲಿಸಿದರೆ, ಭೇದಿಯಲ್ಲಿ ರಕ್ತ ಇದ್ದರೆ ಕಾಯಬೇಡಿ. ಪಶುವೈದ್ಯರಿಗೆ ಫೋನ್ ಮಾಡಿ, ಡ್ರಿಪ್ ಬೇಕಾಗಬಹುದು.

ಅಂಗಡಿಯಿಂದ ಆ್ಯಂಟಿಬಯಾಟಿಕ್ ಮಾತ್ರೆ ತಂದು ನೀವೇ ಹಾಕಬೇಡಿ. ರೋಟಾವೈರಸ್‌ನಿಂದ ಆದ ಭೇದಿಗೆ ಅದು ನಾಟೋದೇ ಇಲ್ಲ, ಜೊತೆಗೆ ಕರುಳಿನ ಒಳ್ಳೆ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಸಸಿ ಮಡಿಗೆ ಟ್ರೈಕೋಡರ್ಮಾ ಹಾಕೋದು ಯಾಕೆ? ಬೇರಿನ ಸುತ್ತ ಒಳ್ಳೆಯದು ಮೊದಲು ಜಾಗ ಹಿಡಿಯಲಿ ಅಂತ. ಕರುಳಿನಲ್ಲೂ ಅಷ್ಟೇ. ಜಾಗ ಖಾಲಿ ಮಾಡಿಕೊಟ್ಟರೆ ಮುಂದೆ ಯಾರು ಬಂದು ಕೂರುತ್ತಾರೋ ಹೇಳೋಕಾಗದು.

ಹಾಗೆಯೇ, ನಾನು ಸಾವಯವ ರೈತ ಅಂತ ಗಿಣ್ಣದ ಬದಲು ಕಷಾಯ ಹೇಳೋಲ್ಲ. ಪ್ರತಿಕಾಯಕ್ಕೆ ಯಾವ ಸೊಪ್ಪೂ ಸಾಟಿಯಲ್ಲ.

ಕರು ಹಾಕುವ ಮೊದಲು, ಆಮೇಲೆ

• ಗಬ್ಬದ ಹಸುವಿನ ಹಾಲನ್ನು ಹೆರಿಗೆಗೆ ಸುಮಾರು ಎರಡು ತಿಂಗಳ ಮೊದಲೇ ಬತ್ತಿಸಿ. ಕೊನೆಯ ವಾರಗಳಲ್ಲಿ ಪ್ರತಿಕಾಯಗಳು ಕೆಚ್ಚಲು ಸೇರುತ್ತವೆ.

• ತುಂಬು ಗಬ್ಬದ ಹಸುವನ್ನು ಹೆರಿಗೆ ಹತ್ತಿರ ಬಂದಾಗ ಸಂತೆಯಿಂದ ತರಬೇಡಿ. ನಿಮ್ಮ ಕೊಟ್ಟಿಗೆಯ ರೋಗಾಣುಗಳ ಪರಿಚಯ ಅದಕ್ಕಿರೋಲ್ಲ, ಅದರ ಗಿಣ್ಣಕ್ಕೂ ಇರೋಲ್ಲ.

• ಕೆಚ್ಚಲು ತೊಳೆದು, ಒರೆಸಿ, ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿನ ತೂಕದ ಹತ್ತನೇ ಒಂದು ಪಾಲು ಕುಡಿಸಿ. 25 ಕೆ.ಜಿ. ಕರುವಿಗೆ ಎರಡೂವರೆ ಲೀಟರ್. ಒಂದೇ ಸಲ ಆಗದಿದ್ದರೆ ಎರಡು ಕಂತು. ಎಂಟು-ಹತ್ತು ಗಂಟೆ ಕಳೆದು ಅದರ ಅರ್ಧ ಮತ್ತೆ ಕೊಡಿ.

• ನಿಪ್ಪಲ್ ಬಾಟಲಿ ಬಳಸಿ. ಗೊಟ್ಟ ಹಾಕಿ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗಬಹುದು. ಕರು ಚೀಪದಿದ್ದರೆ ಪಶುವೈದ್ಯರೇ ಟ್ಯೂಬ್ ಹಾಕಲಿ.

• ನಾನು ಓದಿದ್ದು ತೋಟಗಾರಿಕೆ. ದ್ರಾಕ್ಷಿ, ಕಲ್ಲಂಗಡಿ ಸಿಹಿ ಅಳೆಯೋ ರಿಫ್ರ್ಯಾಕ್ಟೋಮೀಟರ್ ಕೈಯಲ್ಲಿ ಇದ್ದೇ ಇರುತ್ತೆ. ಅದರ ಮೇಲೆ ಗಿಣ್ಣದ ಹಾಲಿನ ಒಂದು ಹನಿ ಹಾಕಿ. 22 ಬ್ರಿಕ್ಸ್ ಅಥವಾ ಹೆಚ್ಚು ಬಂದರೆ ಗುಣಮಟ್ಟ ಚೆನ್ನಾಗಿದೆ.

• ಹಾಗೆ ಬಂದ ಹೆಚ್ಚುವರಿ ಹಾಲನ್ನು ಒಂದು ಲೀಟರ್ ಶುದ್ಧ ಬಾಟಲಿಗಳಲ್ಲಿ ಫ್ರೀಜರ್‌ನಲ್ಲಿಡಿ, ತಾಯಿ ಸತ್ತ ಕರುವಿಗೆ ಆದೀತು. ಕರಗಿಸುವಾಗ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಡಿ. ಒಲೆ ಮೇಲೆ ಇಡಬೇಡಿ, ಕರುವಿಗೆ ಬೇಕಾದ್ದೆಲ್ಲ ಗಟ್ಟಿಯಾಗಿ ಹಾಳಾಗುತ್ತದೆ.

ಹೆಣ್ಣು ಕರು ಉಳಿದರೆ ಎರಡೂವರೆ-ಮೂರು ವರ್ಷದಲ್ಲಿ ನಿಮ್ಮ ಮನೆಯಲ್ಲೇ ಹುಟ್ಟಿದ ಕರಾವಿನ ಹಸು. ಹೋದರೆ ಸಂತೆಯಲ್ಲಿ ಸಾಲ ಮಾಡಿ ತರಬೇಕು. ನಿಮ್ಮ ಹಸುವಿನ ಹೆರಿಗೆ ತಾರೀಖು ಮೊಬೈಲ್‌ನಲ್ಲಿ ಇವತ್ತೇ ಹಾಕಿಟ್ಟುಕೊಳ್ಳಿ. ಅಲಾರಾಂ ಬಡಿದ ವಾರ ನಿಪ್ಪಲ್ ಬಾಟಲಿ ತೊಳೆದಿಡಿ, ಓಆರ್‌ಎಸ್ ಪೊಟ್ಟಣ ತಂದಿಡಿ, ಪಶುವೈದ್ಯರ ನಂಬರ್ ಸೇವ್ ಮಾಡಿ.