ಡಿಗ್ ಒನ್ಸ್ ನೀತಿ

ಡಿಗ್ ಒನ್ಸ್ ನೀತಿ ಎಂಬುದು ಹೆದ್ದಾರಿಗಳ ನಿರ್ಮಾಣ ಅಥವಾ ವಿಸ್ತರಣೆಗಾಗಿ ನೆಲವನ್ನು ಅಗೆಯುವಾಗಲೇ ಬ್ರಾಡ್‌ಬ್ಯಾಂಡ್ ಕೇಬಲ್‌ಗಳಿಗೆ ಅಗತ್ಯವಾದ ಕೊಳವೆಗಳನ್ನೂ ಹೂಳಬೇಕೆಂಬ ಸಾರ್ವಜನಿಕ ನೀತಿ. 'ಒಮ್ಮೆ ಮಾತ್ರ ಅಗೆಯಿರಿ' ಎಂಬುದು ಈ ಹೆಸರಿನ ಅರ್ಥ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಹೆಸರು ಹೆಚ್ಚು ಬಳಕೆಯಲ್ಲಿದೆ.

ಹಿನ್ನೆಲೆ

ಆಪ್ಟಿಕಲ್ ಫೈಬರ್ ಜಾಲವನ್ನು ನಿರ್ಮಿಸುವಾಗ ಕೇಬಲ್‌ಗಿಂತಲೂ ಅದನ್ನು ನೆಲದಡಿ ಹೂಳುವ ಕೆಲಸಕ್ಕೆ ಹೆಚ್ಚು ಹಣ ತಗಲುತ್ತದೆ. ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2010ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಯೋಜನೆಯು ಈ ಅಂಶವನ್ನು ಗುರುತಿಸಿತು. ಪೂರ್ಣಗೊಂಡ ರಸ್ತೆಯನ್ನು ಮತ್ತೆ ಅಗೆದರೆ ರಸ್ತೆಯ ಬಾಳಿಕೆ ಕುಗ್ಗುತ್ತದೆ, ಸಂಚಾರಕ್ಕೆ ಅಡ್ಡಿಯಾಗುತ್ತದೆ ಮತ್ತು ಪ್ರತಿ ಬಾರಿಯೂ ಹೊಸ ಅನುಮತಿ ಪಡೆಯಬೇಕಾಗುತ್ತದೆ.

ಕಾರ್ಯವಿಧಾನ

ರಸ್ತೆ ಕಾಮಗಾರಿಯ ಹಂತದಲ್ಲಿಯೇ ಅಂಚಿನುದ್ದಕ್ಕೂ ಒಂದು ಅಥವಾ ಹೆಚ್ಚು ಪ್ಲಾಸ್ಟಿಕ್ ಕೊಳವೆಗಳನ್ನು ಹೂಳಿ, ನಿಗದಿತ ಅಂತರಗಳಲ್ಲಿ ಕೇಬಲ್ ಎಳೆಯಲು ಅನುಕೂಲವಾಗುವಂತೆ ಮುಚ್ಚಳವಿರುವ ಗುಂಡಿಗಳನ್ನು ಕಟ್ಟಲಾಗುತ್ತದೆ. ಕೊಳವೆಗಳು ಆರಂಭದಲ್ಲಿ ಖಾಲಿಯಾಗಿಯೇ ಇರಬಹುದು. ಮುಂದೆ ದೂರಸಂಪರ್ಕ ಸಂಸ್ಥೆಗಳು ನೆಲವನ್ನು ಅಗೆಯದೆ ಅವುಗಳೊಳಗೆ ಕೇಬಲ್ ಎಳೆದುಕೊಳ್ಳುತ್ತವೆ. ಒಂದೇ ಮಾರ್ಗದಲ್ಲಿ ಹಲವು ಸಂಸ್ಥೆಗಳಿಗೆ ಅವಕಾಶ ದೊರೆತರೆ ಸ್ಪರ್ಧೆಯೂ ಹೆಚ್ಚುತ್ತದೆ.

ಅಮೆರಿಕದಲ್ಲಿ ಶಾಸನಗಳು

ಕ್ಯಾಲಿಫೋರ್ನಿಯಾದ ಪ್ರತಿನಿಧಿ ಅನ್ನಾ ಎಶೂ ಅವರು 2009ರಲ್ಲಿ ಈ ಕುರಿತು ಮಸೂದೆಯೊಂದನ್ನು ಮಂಡಿಸಿದರು. ಅದು ಆಗ ಕಾನೂನಾಗಲಿಲ್ಲ. 2012ರ ಜೂನ್ 14ರಂದು ಅಧ್ಯಕ್ಷ ಬರಾಕ್ ಒಬಾಮಾ ಅವರು ಹೊರಡಿಸಿದ 13616ನೆಯ ಕಾರ್ಯಾಂಗ ಆದೇಶವು ಬ್ರಾಡ್‌ಬ್ಯಾಂಡ್ ಮೂಲಸೌಕರ್ಯದ ವಿಸ್ತರಣೆಯನ್ನು ತ್ವರಿತಗೊಳಿಸಲು ಒಕ್ಕೂಟ ಸರ್ಕಾರದ ಇಲಾಖೆಗಳಿಗೆ ಸೂಚಿಸಿತು. 2018ರಲ್ಲಿ ಅಂಗೀಕಾರವಾದ ಮೊಬೈಲ್ ನೌ ಕಾಯಿದೆ ಹಾಗೂ ಅದರನ್ವಯ 2021ರ ಡಿಸೆಂಬರ್‌ನಲ್ಲಿ ಪ್ರಕಟವಾದ ನಿಯಮದ ಪ್ರಕಾರ, ರಾಜ್ಯಗಳ ಸಾರಿಗೆ ಇಲಾಖೆಗಳು ಬ್ರಾಡ್‌ಬ್ಯಾಂಡ್ ಸಮನ್ವಯಾಧಿಕಾರಿಯನ್ನು ಗುರುತಿಸಬೇಕು ಮತ್ತು ನೋಂದಾಯಿತ ಸಂಸ್ಥೆಗಳಿಗೆ ಮುಂಬರುವ ಹೆದ್ದಾರಿ ಯೋಜನೆಗಳ ಮಾಹಿತಿಯನ್ನು ಪ್ರತಿವರ್ಷ ನೀಡಬೇಕು. ಆದರೆ ಕೊಳವೆ ಹೂಳುವುದನ್ನು ಈ ಕಾಯಿದೆಯು ಕಡ್ಡಾಯಗೊಳಿಸಿಲ್ಲ.

ರಾಜ್ಯ ಮತ್ತು ನಗರಗಳ ಮಟ್ಟದಲ್ಲಿ ಪ್ರತ್ಯೇಕ ಪ್ರಯತ್ನಗಳು ನಡೆದಿವೆ. ಯೂಟಾ ರಾಜ್ಯದ ಸಾರಿಗೆ ಇಲಾಖೆಯು ಹೆದ್ದಾರಿಗಳ ಬದಿಯಲ್ಲಿ ಕೊಳವೆಗಳನ್ನು ಅಳವಡಿಸಿ, ದೂರಸಂಪರ್ಕ ಸಂಸ್ಥೆಗಳೊಡನೆ ಸೌಲಭ್ಯಗಳನ್ನು ವಿನಿಮಯ ಮಾಡಿಕೊಳ್ಳುತ್ತದೆ. ಅರಿಝೋನಾ 2012ರಲ್ಲಿಯೂ ಸ್ಯಾನ್ ಫ್ರಾನ್ಸಿಸ್ಕೋ ನಗರ 2014ರಲ್ಲಿಯೂ ಈ ದಿಸೆಯಲ್ಲಿ ಶಾಸನಗಳನ್ನು ರೂಪಿಸಿದವು.

ಉಳಿತಾಯ ಮತ್ತು ಆಕ್ಷೇಪಗಳು

ಗವರ್ನಮೆಂಟ್ ಅಕೌಂಟೆಬಿಲಿಟಿ ಆಫೀಸ್ 2012ರಲ್ಲಿ ನೀಡಿದ ವರದಿಯಲ್ಲಿ, ಈ ಕ್ರಮದಿಂದ ನಗರ ಪ್ರದೇಶಗಳಲ್ಲಿ ನಿರ್ಮಾಣ ವೆಚ್ಚದ ಶೇ. 25ರಿಂದ 33ರಷ್ಟು, ಗ್ರಾಮೀಣ ಪ್ರದೇಶಗಳಲ್ಲಿ ಸುಮಾರು ಶೇ. 16ರಷ್ಟು ಉಳಿತಾಯ ಸಾಧ್ಯವೆಂಬ ಅಂದಾಜು ದಾಖಲಾಗಿದೆ. ನಗರಗಳಲ್ಲಿ ಡಾಂಬರು ಅಥವಾ ಕಾಂಕ್ರೀಟನ್ನು ಒಡೆದು ಮತ್ತೆ ಸರಿಪಡಿಸುವ ಖರ್ಚು ತಪ್ಪುತ್ತದೆ. ಹಳ್ಳಿಗಾಡಿನ ರಸ್ತೆಬದಿಯ ಮಣ್ಣನ್ನು ಅಗೆಯುವುದು ಮೊದಲೇ ಅಗ್ಗ. ಹೀಗಾಗಿ ಸಂಪರ್ಕದ ಕೊರತೆ ಹೆಚ್ಚಾಗಿರುವ ಕಡೆಯಲ್ಲಿಯೇ ಉಳಿತಾಯದ ಪ್ರಮಾಣ ಕಡಿಮೆ.

ಕೊಳವೆಗಳ ಆರಂಭಿಕ ವೆಚ್ಚವನ್ನು ರಸ್ತೆ ನಿಧಿಯಿಂದ ಭರಿಸಬೇಕೇ ಎಂಬುದು ಮುಖ್ಯ ವಿವಾದ. ಬಳಕೆದಾರರಿಲ್ಲದ ಕಡೆ ಹೂಳಿದ ಕೊಳವೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರಬಹುದು. ರಸ್ತೆ ಕಾಮಗಾರಿಗಳು ಬಿಡಿಬಿಡಿಯಾಗಿ ನಡೆಯುವುದರಿಂದ ಕೊಳವೆ ಮಾರ್ಗವೂ ತುಂಡುತುಂಡಾಗುವ ಸಾಧ್ಯತೆಯಿದೆ. ಹೆದ್ದಾರಿಯವರೆಗೆ ಬಂದ ಸಂಪರ್ಕವನ್ನು ಮನೆಗಳಿಗೆ ತಲುಪಿಸುವ ಕೆಲಸ ಪ್ರತ್ಯೇಕವಾಗಿಯೇ ಉಳಿಯುತ್ತದೆ.

ಭಾರತದಲ್ಲಿ

ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು 2023ರಲ್ಲಿ ಸುಮಾರು 10,000 ಕಿ.ಮೀ. ಉದ್ದದ ಆಪ್ಟಿಕಲ್ ಫೈಬರ್ ಜಾಲದ ಯೋಜನೆಯನ್ನು ಪ್ರಕಟಿಸಿತು. ಪ್ರಾಯೋಗಿಕವಾಗಿ ದೆಹಲಿ–ಮುಂಬಯಿ ಎಕ್ಸ್‌ಪ್ರೆಸ್‌ವೇಯ 1,367 ಕಿ.ಮೀ. ಹಾಗೂ ಹೈದರಾಬಾದ್–ಬೆಂಗಳೂರು ಕಾರಿಡಾರ್‌ನ 512 ಕಿ.ಮೀ. ಮಾರ್ಗಗಳನ್ನು ಗುರುತಿಸಲಾಯಿತು. ಅಗೆತದಿಂದ ಈಗಾಗಲೇ ನೆಲದಡಿಯಿರುವ ಕೇಬಲ್ ಮತ್ತು ಕೊಳವೆಗಳಿಗೆ ಹಾನಿಯಾಗದಂತೆ ಸಂಬಂಧಪಟ್ಟ ಸಂಸ್ಥೆಗಳಿಗೆ ಮುನ್ಸೂಚನೆ ನೀಡುವ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ 2023ರ ಮಾರ್ಚ್‌ನಲ್ಲಿ ಆರಂಭವಾಯಿತು.